ಮಾತಿನ ಚಿಕಿತ್ಸೆಗೆ ನಿದ್ದೆಯೇ ಪರೀಕ್ಷೆ

ಅಪಘಾತವೋ ದೌರ್ಜನ್ಯವೋ ನಡೆದು ವರ್ಷ ಕಳೆದರೂ ಕೆಲವರಿಗೆ ಅದರ ಭಯ ಬಿಟ್ಟಿರುವುದಿಲ್ಲ. ವಿಜಯಪುರ ಜಿಲ್ಲೆಯ ತೊರವಿ ಸೀಮೆಯಲ್ಲಿ ಇಂಥವರು ವೈದ್ಯರ ಮುಂದೆ ಆದದ್ದರ ಮಾತು ತೆಗೆಯುವುದು ಕಡಿಮೆ; 'ನಿದ್ದಿ ಹತ್ತವಲ್ದು, ಎದಿ ಡವಡವ ಅಂತೈತಿ' ಎನ್ನುತ್ತಾರೆ. ಹಾಗಾಗಿ ಮಾತಿನ ಚಿಕಿತ್ಸೆಯ ಗುಣವನ್ನೂ ನಿದ್ದೆ ಮತ್ತು ಮೈಯಲ್ಲೇ ನೋಡಬೇಕು.

ಈ ಬಗೆಯ ಚಿಕಿತ್ಸೆಗಳಲ್ಲಿ ಹೆಸರಾದದ್ದು ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ರೂಪಿಸಿದ ಪದ್ಧತಿ. ಸಾಮಾನ್ಯವಾಗಿ 8ರಿಂದ 15 ಭೇಟಿ, ಒಂದೊಂದೂ ಸುಮಾರು 90 ನಿಮಿಷ. ಆದದ್ದನ್ನು ಈಗಲೇ ಆಗುತ್ತಿರುವಂತೆ ಕಣ್ಣು ಮುಚ್ಚಿ ಹೇಳಬೇಕು. ಆ ಧ್ವನಿಮುದ್ರಣವನ್ನು ಮನೆಯಲ್ಲಿ ಮತ್ತೆ ಮತ್ತೆ ಕೇಳಬೇಕು. ಮೊದಮೊದಲು ಬೆವರು, ನಡುಕ, ಎದೆಬಡಿತ ಏರುತ್ತವೆ; ಹೇಳುತ್ತ ಹೋದಂತೆ ಇಳಿಯುತ್ತವೆ. ನೆನಪು ಬಂದ ಮಾತ್ರಕ್ಕೆ ಅಪಾಯ ಬಂದಂತಲ್ಲ ಎಂದು ದೇಹ ಕಲಿಯುತ್ತದೆ. ಇದು ಸಣ್ಣ ಗೆಲುವಲ್ಲ.

ನಿದ್ದೆಯ ವಿಷಯದಲ್ಲಿ ಮಾತ್ರ ಗೆಲುವು ಅರ್ಧವೇ. ಉಳಿದ ಲಕ್ಷಣಗಳು ತಗ್ಗಿದ ಮೇಲೂ ಹಲವರಿಗೆ ನಿದ್ರಾಹೀನತೆ ಉಳಿಯುತ್ತದೆ. ತಿಂಗಳುಗಟ್ಟಲೆ ಹೊರಳಾಡಿದವರಿಗೆ ಹಾಸಿಗೆ ಕಂಡರೇ ಎಚ್ಚರವಾಗುತ್ತದೆ. ಅದಕ್ಕೆ ಬೇರೆ ಚಿಕಿತ್ಸೆ ಬೇಕು: ದಿನಾ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗುವುದು. ಕೆಟ್ಟ ಕನಸಿನ ಕಥೆಯನ್ನು ಬದಲಿಸಿ, ಹಗಲಲ್ಲಿ ಮನಸ್ಸಿನೊಳಗೆ ರೂಢಿ ಮಾಡಿಕೊಳ್ಳುವ ಕ್ರಮವೂ ಇದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಗೆ ಅದರಿಂದ ಗುಣವಾದದ್ದನ್ನು ವೈದ್ಯ ಬ್ಯಾರಿ ಕ್ರಾಕೋವ್ ಅವರ ತಂಡ 2001ರಲ್ಲಿ ಪ್ರಕಟಿಸಿತು.

ನನ್ನ ತಕರಾರು ಇರುವುದು ಮನೆಯಲ್ಲಿ ಮಾಡಲು ಹೇಳುವ ಈ ಅಭ್ಯಾಸಗಳ ಬಗ್ಗೆ. ಅವು ಎಲ್ಲರಿಗೂ ಸ್ವಂತ ಕೋಣೆಯಿದೆ ಎಂದುಕೊಂಡಿವೆ. ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಓದಲು ಬಂದು ಹಾಸ್ಟೆಲಿನ ಕೋಣೆ ಹಂಚಿಕೊಂಡ ಹುಡುಗಿ ಆ ಧ್ವನಿಯನ್ನು ಎಲ್ಲಿ ಕೂತು ಕೇಳಬೇಕು? ಅದೇ ಜಿಲ್ಲೆಯ ತಿಕೋಟಾದಲ್ಲಿ ಒಂದೇ ಪಡಸಾಲೆಯಲ್ಲಿ ಅತ್ತೆ, ಮಕ್ಕಳೊಂದಿಗೆ ಮಲಗುವ ಸೊಸೆ ನಡುರಾತ್ರಿ ಎದ್ದು ಎಲ್ಲಿಗೆ ಹೋಗಬೇಕು? ಹೋದರೆ ಬೆಳಿಗ್ಗೆ ಯಾರಿಗೆ ಜವಾಬು ಕೊಡಬೇಕು?

ಪದ್ಧತಿ ಇಲ್ಲಿಗೆ ಹೊಂದಬೇಕು. ಧ್ವನಿ ಕೇಳುವ ಕೆಲಸ ಹಗಲಲ್ಲಿ, ಆಪ್ತಸಮಾಲೋಚಕರ ಕೋಣೆಯಲ್ಲೇ ನಡೆಯಲಿ. ರಾತ್ರಿ ಏಳುವುದು ವೈದ್ಯರ ಸಲಹೆಯೆಂದು, ಆಕೆ ಒಪ್ಪಿದರೆ, ಮನೆಯ ಹಿರಿಯರಿಗೆ ತಿಳಿಸಲಿ. ಆದದ್ದರ ಕಥೆ ಅವರಿಗೆ ಬೇಡ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯಕ್ಕೆಂದು ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. 2022ರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಅಲ್ಲೆಲ್ಲ ಮೊದಲ ಪ್ರಶ್ನೆ ನಿದ್ದೆಯದಾಗಲಿ. ನಿದ್ದೆಯ ಕಷ್ಟ ಹೇಳಲು ಯಾರೂ ನಾಚುವುದಿಲ್ಲ. ಉಳಿದ ಮಾತು ಅದರ ಹಿಂದೆಯೇ ಬರುತ್ತದೆ.

ಮಾತಿನ ಚಿಕಿತ್ಸೆ ಬೇಕೇ ಬೇಕು. ಆದರೆ ನೆನಪು ಹಗುರಾಯಿತೆಂದು ಮಾತ್ರ ಅದನ್ನು ಮುಗಿಸಬಾರದು. ನಿದ್ದೆ ಬಂದ ಮೇಲೆ ಮುಗಿಸಬೇಕು.