ಬಂದಾನ, ಬಂದಾನು, ಬಂದಾನಂತ: ಭಯೋತ್ಪಾದನಾ ನಿಗ್ರಹದ ಸರಣಿಗಳಲ್ಲಿ ಕಥಾತರ್ಕ ಮತ್ತು ಪಾತ್ರನಿರ್ಧಾರ

1. ಪ್ರಸ್ತಾವನೆ

ಭಯೋತ್ಪಾದನಾ ನಿಗ್ರಹವನ್ನು ವಸ್ತುವಾಗಿಸಿಕೊಂಡ ಟಿವಿ ಸರಣಿಗಳನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಎರಡು ಪ್ರಶ್ನೆಗಳ ಸುತ್ತ ನಡೆಯುತ್ತದೆ. ಹೀಗೆ ನಡೆಯುವುದು ಸಾಧ್ಯವೇ ಎಂಬುದು ಒಂದು. ಆ ಅಧಿಕಾರಿ ಹಾಗೇಕೆ ಮಾಡಿದ ಎಂಬುದು ಇನ್ನೊಂದು. ಮೊದಲನೆಯದು ಕಥಾತರ್ಕಕ್ಕೆ, ಎರಡನೆಯದು ಪಾತ್ರದ ನಿರ್ಧಾರಕ್ಕೆ ಸಂಬಂಧಿಸಿದ್ದು. ಈ ಎರಡನ್ನೂ ಒಂದೇ ವ್ಯಾಕರಣ ಪ್ರಶ್ನೆಯಾಗಿ ಕೇಳಬಹುದೆಂಬುದು ಪ್ರಸ್ತುತ ಲೇಖನದ ವಾದ. ಪಾತ್ರವು ಗುಂಡು ಹಾರಿಸುವ, ಬಾಗಿಲು ಒಡೆಯುವ ಅಥವಾ ಕಾಯುವ ಕ್ಷಣದಲ್ಲಿ ಅದರ ಕೈಯಲ್ಲಿದ್ದ ವಾಕ್ಯ ಯಾವ ಬಗೆಯದು? ಕಂಡದ್ದೇ, ಊಹಿಸಿದ್ದೇ, ಕೇಳಿದ್ದೇ? ಆ ವಾಕ್ಯದ ಬಗೆಯನ್ನು ಕೃತಿಯು ಕೊನೆಯವರೆಗೂ ನೆನಪಿಟ್ಟಿದೆಯೇ?

ಈ ಪ್ರಶ್ನೆಯನ್ನು ಕೇಳಲು ನಾವು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಆಡುಮಾತಿನ ಮೂರು ಕ್ರಿಯಾರೂಪಗಳನ್ನು ಉಪಕರಣವಾಗಿ ಬಳಸಿದ್ದೇವೆ. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಯನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು ಎಂಬುದು ಓದುಗರಿಗೆ ತಿಳಿದದ್ದೇ. ನಮ್ಮ ಆಯ್ಕೆಗೆ ಆ ಗೌರವ ಕಾರಣವಲ್ಲ. ಈ ಸೀಮೆಯ ಮಾತಿನಲ್ಲಿ ಖಚಿತವಾದ ಸಂಗತಿ ಮತ್ತು ಕೇವಲ ಸಾಧ್ಯತೆ ಇವುಗಳ ನಡುವಿನ ಅಂತರ ಒಂದು ಕೊನೆಯ ಸ್ವರದಷ್ಟು ಕಿರಿದಾಗಿದೆ; ನಮ್ಮ ಆಯ್ಕೆಗೆ ಇಷ್ಟೇ ಕಾರಣ.

2. ಉಪಕರಣ

‘ಬಂದಿದ್ದಾನೆ’ ಎಂಬ ಗ್ರಂಥಸ್ಥ ರೂಪಕ್ಕೆ ಸಮನಾಗಿ ಈ ಸೀಮೆಯಲ್ಲಿ ‘ಬಂದಾನ’ ಎನ್ನುತ್ತಾರೆ. ‘ಹೋಗ್ಯಾನ’, ‘ಮಾಡ್ಯಾನ’, ‘ಇಟ್ಟಾನ’ ಇದೇ ಗುಂಪಿನವು. ಕ್ರಿಯೆ ಮುಗಿದಿದೆ, ಅದರ ಫಲ ಈಗಲೂ ಎದುರಿಗಿದೆ ಎಂಬುದು ಇವುಗಳ ಅರ್ಥ. ಶಾಲಾ ವ್ಯಾಕರಣವು ಸಂಭಾವನಾರ್ಥಕವೆಂದು ಕರೆಯುವ ‘ಬಂದಾನು’, ‘ಇಟ್ಟಾನು’ ರೂಪಗಳು ಮುಂದೆ ನಡೆಯಬಹುದಾದದ್ದನ್ನು ಹೇಳುತ್ತವೆ. ಆಡುಮಾತಿನಲ್ಲಿ ಇವುಗಳ ಜಾಗವನ್ನು ‘ಬರಬಹುದು’ ಎಂಬಂಥ ರೂಪಗಳು ಬಹಳಷ್ಟು ಆಕ್ರಮಿಸಿವೆಯಾದರೂ, ಎಚ್ಚರಿಕೆ ಮತ್ತು ಆತಂಕದ ಮಾತಿನಲ್ಲಿ ಅವು ಇನ್ನೂ ಗಟ್ಟಿಯಾಗಿವೆ. ಮೂರನೆಯದು ಕೇಳಿದ ಸುದ್ದಿಯನ್ನು ಸೂಚಿಸುವ ರೂಪ. ಗ್ರಂಥಸ್ಥ ಕನ್ನಡದ ‘ಅಂತೆ’ ಇಲ್ಲಿ ‘ಅಂತ’ ಆಗುತ್ತದೆ. ಹೇಳುವವನು ಕಣ್ಣಾರೆ ಕಂಡಿಲ್ಲ, ಮಾತಿನ ಹೊಣೆ ಬೇರೆಯವರದು ಎಂಬುದು ಅದರ ಸೂಚನೆ.

ಈ ಮೂರನೆಯ ರೂಪವು ಮೊದಲೆರಡಕ್ಕೆ ಸೇರಿದಾಗ ಏನಾಗುತ್ತದೆಂಬುದು ನಮ್ಮ ವಾದಕ್ಕೆ ಮುಖ್ಯ. ‘ಬಂದಾನ’ ಮತ್ತು ‘ಅಂತ’ ಸೇರಿದರೆ ಲೋಪಸಂಧಿಯಿಂದ ‘ಬಂದಾನಂತ’. ‘ಬಂದಾನು’ ಮತ್ತು ‘ಅಂತ’ ಸೇರಿದರೂ ಅದೇ ಲೋಪಸಂಧಿಯಿಂದ ‘ಬಂದಾನಂತ’. ಪ್ರಶ್ನಾರ್ಥಕದಲ್ಲೂ ಹೀಗೆಯೇ: ಎರಡೂ ‘ಬಂದಾನೇನು’ ಆಗುತ್ತವೆ. ಅಂದರೆ ಮಾತು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ದಾಟಿ ಮತ್ತೆ ವರದಿಯಾಗುವಾಗ, ಬಂದಿರುವವನು ಮತ್ತು ಬರಬಹುದಾದವನು ಒಂದೇ ಆಕಾರ ತಳೆಯುತ್ತಾರೆ. ಆಡುವವರು ನಡುವೆ ನಿಲುಗಡೆ ಕೊಟ್ಟು, ದನಿ ಏರಿಳಿಸಿ, ಅಥವಾ ‘ಬರಬಹುದಂತ’ ಎಂದು ಬಿಡಿಸಿ ಹೇಳಿ ಇದನ್ನು ಸರಿಪಡಿಸಿಕೊಳ್ಳಬಲ್ಲರು. ಆದರೆ ಸರಿಪಡಿಸಿಕೊಳ್ಳುವ ಶ್ರಮ ಅವರ ಮೇಲೆ ಬೀಳುತ್ತದೆ. ರೂಪ ತಾನಾಗಿ ಕಾಯುವುದಿಲ್ಲ.

ಇನ್ನೊಂದು ಅಂಶವನ್ನು ಗಮನಿಸಬೇಕು. ಈ ಬೆರಕೆ ಎಲ್ಲ ಕರ್ತೃಗಳಿಗೂ ಅನ್ವಯಿಸುವುದಿಲ್ಲ. ನಪುಂಸಕಲಿಂಗದಲ್ಲಿ ‘ಮಳಿ ಬಂದೈತಂತ’ ಬೇರೆ, ‘ಮಳಿ ಬಂದೀತಂತ’ ಬೇರೆ. ಉತ್ತಮಪುರುಷದಲ್ಲಿ ‘ಬಂದೀನಿ’ ಮತ್ತು ‘ಬಂದೇನು’ ಎಂದೂ ಒಂದಾಗುವುದಿಲ್ಲ. ಬೆರಕೆಯಾಗುವುದು ‘ಬಂದಾನಂತ’, ‘ಬಂದಾಳಂತ’, ‘ಬಂದಾರಂತ’ ಎಂಬಲ್ಲಿ, ಎಂದರೆ ನಮ್ಮೆದುರಿಗಿಲ್ಲದ ಮನುಷ್ಯರ ಬಗ್ಗೆ ಕೇಳಿದ್ದನ್ನು ಹೇಳುವಾಗ. ಮಳೆಯ ವಿಷಯದಲ್ಲಿ, ಬಸ್ಸಿನ ವಿಷಯದಲ್ಲಿ, ನಮ್ಮದೇ ವಿಷಯದಲ್ಲಿ ಉಳಿಯುವ ಭೇದ ಅನ್ಯರ ವಿಷಯದಲ್ಲಿ ಅಳಿಯುತ್ತದೆ. ಇದಕ್ಕೆ ಕಾರಣ ಕೇವಲ ಧ್ವನಿಸಂಬಂಧಿಯಾದದ್ದು. ಇದರಿಂದ ಯಾವ ಜನರ ಮನೋಧರ್ಮವನ್ನೂ ನಾವು ತೀರ್ಮಾನಿಸುವುದಿಲ್ಲ. ಆದರೆ ಗುಪ್ತಚರ ಮಾಹಿತಿಯ ಮೇಲೆ ನಿಂತ ಕಥನಪ್ರಕಾರಕ್ಕೆ ಇದಕ್ಕಿಂತ ಒಪ್ಪುವ ಮಾದರಿ ಸಿಗುವುದು ಕಷ್ಟ. ಆ ಕಥೆಗಳಲ್ಲಿ ಬಹುಪಾಲು ನಿರ್ಧಾರಗಳು ಕಣ್ಣೆದುರಿಗಿಲ್ಲದ ಮನುಷ್ಯರ ಬಗ್ಗೆ ಕೇಳಿಬಂದ ವಾಕ್ಯಗಳ ಮೇಲೆಯೇ ನಡೆಯುತ್ತವೆ.

3. ಕೃತಿ ಮರೆತಾಗ: ‘24’

2001ರ ನವೆಂಬರ್ 6ರಂದು ಅಮೆರಿಕದಲ್ಲಿ ಪ್ರಸಾರ ಆರಂಭಿಸಿದ ‘24’ ಈ ಪ್ರಕಾರಕ್ಕೆ ಒಂದು ಅಚ್ಚು ಹಾಕಿಕೊಟ್ಟಿತು. ಒಂದು ಕಂತಿಗೆ ಒಂದು ಗಂಟೆ, ಒಂದು ಸೀಸನ್‌ಗೆ ಒಂದು ದಿನ. 2013ರಲ್ಲಿ ಅನಿಲ್ ಕಪೂರ್ ಅಭಿನಯದಲ್ಲಿ ಅದರ ಹಿಂದಿ ರೂಪ ಬಂದಿತು. ಗಡಿಯಾರದ ಒತ್ತಡ ನಾಯಕನಿಗೆ ಯೋಚಿಸುವ ಬಿಡುವು ಕೊಡುವುದಿಲ್ಲ, ನೋಡುಗನಿಗೂ ಕೊಡುವುದಿಲ್ಲ.

ಮೂಲ ಸರಣಿಯ ಮೊದಲ ಸೀಸನ್‌ನ ಕೊನೆಗೆ, ನಾಯಕ ಜ್ಯಾಕ್ ಬಾವರ್‌ನ ಸಹೋದ್ಯೋಗಿ ನೀನಾ ಮಯರ್ಸ್ ಶತ್ರುಗಳ ಒಳಗಣ್ಣಾಗಿದ್ದಳೆಂದು ಬಯಲಾಗುತ್ತದೆ. ಆದರೆ ಅದೇ ಸೀಸನ್‌ನ ಆರಂಭದ ಕಂತುಗಳಲ್ಲಿ ಶತ್ರುಪಕ್ಷದ ಗೇನ್ಸ್ ಆಕೆಯನ್ನೇ ಕೊಲ್ಲುವಂತೆ ಜ್ಯಾಕ್‌ಗೆ ಅಪ್ಪಣೆ ಮಾಡಿರುತ್ತಾನೆ. ತಮ್ಮದೇ ಒಳಗಣ್ಣನ್ನು ಕೊಲ್ಲಿಸುವುದೇಕೆ? ಗೇನ್ಸ್‌ಗೆ ತಿಳಿದಿರಲಿಲ್ಲವೆಂದು ಸಮಾಧಾನ ಹೇಳಬಹುದು. ಆ ಸಮಾಧಾನ ನೋಡುಗನದು. ಕೃತಿ ಅದನ್ನು ಕಟ್ಟಿಕೊಡುವುದಿಲ್ಲ.

ಪಾತ್ರಗಳು ತಪ್ಪು ಮಾಡುತ್ತವೆಂಬುದು ಇಲ್ಲಿನ ದೋಷವಲ್ಲ. ‘ಇವರೊಳಗೆ ಯಾರೋ ದ್ರೋಹ ಬಗೆದಾರು’ ಎಂಬ ಸಾಧ್ಯತೆಯ ವಾಕ್ಯವನ್ನು ಕೃತಿಯೇ ಕೊನೆಯಲ್ಲಿ ‘ಈಕೆ ಮೊದಲಿಂದಲೂ ದ್ರೋಹ ಬಗೆದಾಳ’ ಎಂದು ಬದಲಿಸಿ ಹಿಂದಿನ ಕಂತುಗಳ ಮೇಲೆ ಹೇರುತ್ತದೆ. ಬೆರಗು ದಕ್ಕುತ್ತದೆ, ಆದರೆ ಆಕೆಯ ಹಿಂದಿನ ಒಂದೊಂದು ನಿರ್ಧಾರವೂ ನೆಲೆ ಕಳೆದುಕೊಳ್ಳುತ್ತದೆ. ಕಥಾತರ್ಕದ ಭಂಗವೆಂದು ನಾವು ಕರೆಯಬೇಕಾದದ್ದು ಇದನ್ನು.

4. ಕೃತಿ ನೆನಪಿಟ್ಟಾಗ: ‘ದಿ ಫ್ಯಾಮಿಲಿ ಮ್ಯಾನ್’

ರಾಜ್ ಮತ್ತು ಡಿ.ಕೆ. ಜೋಡಿಯ ‘ದಿ ಫ್ಯಾಮಿಲಿ ಮ್ಯಾನ್’ ಸರಣಿಯ ಮೊದಲ ಸೀಸನ್ 2019ರ ಸೆಪ್ಟೆಂಬರ್‌ನಲ್ಲಿ ಬಂದಿತು. ಅದರ ನಾಯಕ ಶ್ರೀಕಾಂತ್ ತಿವಾರಿ ಟಾಸ್ಕ್ ಎಂಬ ಕಲ್ಪಿತ ಘಟಕದ ಅಧಿಕಾರಿ. ಕಾಲೇಜು ವಿದ್ಯಾರ್ಥಿ ಕರೀಮ್‌ನ ಪ್ರಸಂಗ ಈ ಸೀಸನ್‌ನ ನೈತಿಕ ಕೇಂದ್ರ. ಕರೀಮ್ ಮತ್ತು ಅವನ ಗೆಳೆಯರು ಗುಟ್ಟಾಗಿ ಏನನ್ನೋ ಸಿದ್ಧಗೊಳಿಸುತ್ತಿದ್ದಾರೆಂದು ಘಟಕಕ್ಕೆ ಸುಳಿವು ಸಿಗುತ್ತದೆ. ಬೆನ್ನಟ್ಟುತ್ತಾರೆ, ಗುಂಡು ಹಾರುತ್ತದೆ, ಹುಡುಗರು ಸಾಯುತ್ತಾರೆ. ಅವರು ಒಯ್ಯುತ್ತಿದ್ದದ್ದು ಸ್ಫೋಟಕವಲ್ಲ, ರಾಜಕೀಯ ಪ್ರತಿಭಟನೆಗಾಗಿ ದನದ ಮಾಂಸ ಎಂಬುದು ಶ್ರೀಕಾಂತನಿಗೆ ಆಮೇಲೆ ತಿಳಿಯುತ್ತದೆ. ಲೋಕದ ಕಣ್ಣಿಗೆ ಮಾತ್ರ ಅವರು ಭಯೋತ್ಪಾದಕರಾಗಿಯೇ ಉಳಿಯುತ್ತಾರೆ.

ಘಟಕದ ಕೈಯಲ್ಲಿದ್ದದ್ದು ‘ಬಾಂಬ್ ಇಟ್ಟಾನು’ ಎಂಬ ಆತಂಕದ ವಾಕ್ಯ. ಗುಂಡು ಹಾರಿದ್ದು ‘ಇಟ್ಟಾನ’ ಎಂಬ ಖಚಿತ ವಾಕ್ಯದ ಮೇಲೆ. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ, ಒಂದು ದೂರವಾಣಿಯಿಂದ ಇನ್ನೊಂದಕ್ಕೆ ಮಾತು ದಾಟುವಾಗ ನಡುವೆ ಎಲ್ಲೋ ‘ಇಟ್ಟಾನಂತ’ ಎಂಬ ಹಂತ ಹಾದುಹೋಗಿದೆ. ಸಂಶಯ ಅಲ್ಲಿ ಸವೆದಿದೆ. ಯಾವ ಒಬ್ಬ ಅಧಿಕಾರಿಯೂ ಸುಳ್ಳು ಹೇಳಿರಬೇಕಿಲ್ಲ.

ಈ ಪ್ರಸಂಗದಲ್ಲಿ ನಿರ್ಧಾರ ತಪ್ಪು, ಕಥಾತರ್ಕ ಸರಿ. ಎರಡನ್ನೂ ಒಂದೇ ಎಂದು ಎಣಿಸುವ ವಿಮರ್ಶೆಗೆ ಇದು ದಕ್ಕುವುದಿಲ್ಲ. ‘ಅಷ್ಟು ಅನುಭವಿ ಅಧಿಕಾರಿ ಇಂಥ ತಪ್ಪು ಮಾಡುವನೇ’ ಎಂದು ಆಕ್ಷೇಪಿಸುವವರು, ಅವನ ಕೈಗೆ ಆ ಹೊತ್ತಿನಲ್ಲಿ ಬಂದಿದ್ದ ವಾಕ್ಯ ಎಂಥದು ಎಂದು ಮೊದಲು ಕೇಳಬೇಕು. ಪಾತ್ರಗಳು ಮರೆತ ಭೇದವನ್ನು ಕೃತಿ ಮರೆತಿಲ್ಲ. ಆದ್ದರಿಂದಲೇ ಶ್ರೀಕಾಂತನ ಮೌನಕ್ಕೆ ತೂಕ ಬರುತ್ತದೆ. ‘ಇಟ್ಟಿರಲಿಲ್ಲ’ ಎಂಬ ವಾಕ್ಯ ಅವನಿಗೆ ಗೊತ್ತಿದೆ, ಹೇಳಲಾರ. ಸರಣಿಯ ಉಳಿದ ಅನೇಕ ತಿರುವುಗಳನ್ನು ಆಕಸ್ಮಿಕವೇ ನಡೆಸುತ್ತದೆಂಬ ದೂರಿನಲ್ಲಿ ಹುರುಳಿದೆಯಾದರೂ, ಈ ಪ್ರಸಂಗ ಆ ದೂರಿಗೆ ಹೊರತಾಗಿದೆ.

5. ಕೋಣನಕುಂಟೆ: ಕಾಯುವ ನಿರ್ಧಾರ

ಕರ್ನಾಟಕದ ನೆಲದಲ್ಲೇ ನಡೆದ ಪ್ರಕರಣವೊಂದು ಈ ಉಪಕರಣವನ್ನು ಇನ್ನಷ್ಟು ಕಠಿಣ ಪರೀಕ್ಷೆಗೆ ಒಡ್ಡುತ್ತದೆ. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಡಿ.ಆರ್. ಕಾರ್ತಿಕೇಯನ್ ಅವರ ನೇತೃತ್ವದ ವಿಶೇಷ ತನಿಖಾ ದಳ ಶಿವರಾಸನ್‌ನ ಬೆನ್ನುಹತ್ತಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದನ್ನು ತಲುಪಿತು. ಮನೆಯನ್ನು ಸುತ್ತುವರಿದು ಒಂದು ದಿನಕ್ಕೂ ಹೆಚ್ಚು ಕಾಲ ಕಾಯಲಾಯಿತು. ಆಗಸ್ಟ್ 20ರ ಬೆಳಗಿನ ಜಾವ ಕಮಾಂಡೋಗಳು ಒಳನುಗ್ಗಿದಾಗ ಒಳಗಿದ್ದ ಏಳೂ ಮಂದಿ ಸತ್ತಿದ್ದರು. ಎ.ಎಂ.ಆರ್. ರಮೇಶ್ ನಿರ್ದೇಶನದ ‘ಸೈನೈಡ್’ ಎಂಬ ಕನ್ನಡ ಚಿತ್ರ 2006ರಲ್ಲಿ ಈ ಕಥೆಯನ್ನು ಹೇಳಿತು. ಅನಿರುದ್ಧ್ಯ ಮಿತ್ರ ಅವರ ಪುಸ್ತಕವನ್ನು ಆಧರಿಸಿ ನಾಗೇಶ್ ಕುಕುನೂರ್ ನಿರ್ದೇಶಿಸಿದ ‘ದಿ ಹಂಟ್’ ಸರಣಿ 2025ರಲ್ಲಿ ಬಂದಿತು.

ಮುತ್ತಿಗೆ ಹಾಕಿದವರ ಮುಂದೆ ಎರಡು ವಾಕ್ಯಗಳಿದ್ದವು. ‘ಒಳಗ ಅದಾರ’ ಎಂಬುದು ಖಚಿತ. ‘ನುಗ್ಗಿದರ ವಿಷ ತಗೊಂಡಾರು’ ಎಂಬುದು ಆತಂಕ. ಜೀವಂತ ಹಿಡಿದರೆ ಮಾತ್ರ ಸಂಚಿನ ಪೂರ್ತಿ ಕಥೆ ಸಿಗುವಂತಿತ್ತು. ಹಾಗಾಗಿ ಎರಡನೆಯ ವಾಕ್ಯ ಕಾಯಲು ಕಾರಣವಾಯಿತು. ಆದರೆ ಕಾಯುವಿಕೆಗೂ ಅಷ್ಟೇ ತೂಕದ ಇನ್ನೊಂದು ವಾಕ್ಯವಿತ್ತು: ‘ಕಾದರೂ ತಗೊಂಡಾರು’. ಸಂಭಾವನಾರೂಪದ ಗುಣವೇ ಇದು. ಅದು ಎಚ್ಚರಿಸುತ್ತದೆ, ಯಾವ ಕಡೆ ಹೋಗಬೇಕೆಂದು ಹೇಳುವುದಿಲ್ಲ. ಎರಡು ಎಚ್ಚರಿಕೆಗಳ ನಡುವೆ ಆರಿಸುವುದು ವ್ಯಾಕರಣದ ಕೆಲಸವಲ್ಲ, ಹೊಣೆ ಹೊತ್ತವರ ಕೆಲಸ.

‘ದಿ ಹಂಟ್’ ತನಿಖೆಯ ಕಡೆಯಿಂದ ನೋಡುವ ಕೃತಿ. ಕೊನೆಗೆ ಏನಾಗುವುದೆಂದು ನೋಡುಗನಿಗೆ ಮೊದಲೇ ತಿಳಿದಿರುವುದರಿಂದ ಅದಕ್ಕೆ ಹುಸಿ ಬೆರಗಿನ ಹಂಗಿಲ್ಲ. ಅದರ ಬಲ ಇರುವುದು ಕಾಯುವವರ ಅಸಹನೆಯಲ್ಲಿ. ಆದರೆ ಮೇಲಿನ ಅಪ್ಪಣೆ ಬರದ್ದೇ ಸೋಲಿಗೆ ಕಾರಣವೆಂಬ ಕಡೆಗೆ ವಾಲಿದಷ್ಟೂ ಅದು ನೋಡುಗನಿಗೆ ಒಂದು ಸುಲಭದ ವಾಕ್ಯವನ್ನು ಕೊಡುತ್ತದೆ: ನುಗ್ಗಿದ್ದರೆ ಸಿಗುತ್ತಿದ್ದರು. ಇದು ನಡೆಯದೇ ಹೋದದ್ದರ ಬಗೆಗಿನ ವಾಕ್ಯ; ‘ಸಿಕ್ಕಾರು’ ಎಂಬ ಸಂಶಯಕ್ಕಿಂತ ಬಹಳ ಗಟ್ಟಿಯಾದದ್ದು. ಮುತ್ತಿಗೆಯ ರಾತ್ರಿ ಆ ಗಟ್ಟಿತನ ಯಾರಿಗೂ ಲಭ್ಯವಿರಲಿಲ್ಲ. ಹಿನ್ನೋಟದ ಖಚಿತತೆಯನ್ನು ಅಂದಿನ ಪಾತ್ರಗಳಿಗೆ ಸಾಲ ಕೊಡುವುದು ‘24’ರ ದೋಷಕ್ಕೆ ದೂರದ ನಂಟು.

‘ಸೈನೈಡ್’ ನೋಡುಗನನ್ನು ಮನೆಯೊಳಗೆ ಕೂರಿಸುತ್ತದೆ. ಆಶ್ರಯ ಕೊಟ್ಟ ದಂಪತಿ ಅಲ್ಲಿ ಮುಖ್ಯ ಪಾತ್ರಗಳು. ಬಂದವರು ಯಾರೆಂಬುದು ಅವರಿಗೆ ಯಾವಾಗ ‘ಇರಬಹುದು’ ಆಗಿತ್ತು, ಯಾವಾಗ ‘ಇದ್ದಾರೆ’ ಆಯಿತು? ಅವರ ಒಂದೊಂದು ನಿರ್ಧಾರದ ನ್ಯಾಯವೂ ಈ ಎರಡರ ನಡುವಿನ ಗಡಿಯ ಮೇಲೆ ನಿಂತಿದೆ. ಇದು ಕೇವಲ ಕಥನದ ಪ್ರಶ್ನೆಯಲ್ಲ. 1998ರಲ್ಲಿ ವಿಶೇಷ ನ್ಯಾಯಾಲಯ ಈ ಪ್ರಕರಣದ 26 ಆರೋಪಿಗಳಿಗೂ ಮರಣದಂಡನೆ ವಿಧಿಸಿತು. ಮನೆಯ ಯಜಮಾನನೂ ಅವರಲ್ಲಿ ಒಬ್ಬ. 1999ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಾಲ್ವರ ಮರಣದಂಡನೆಯನ್ನು ಎತ್ತಿಹಿಡಿದು, ಮೂವರಿಗೆ ಜೀವಾವಧಿ ಶಿಕ್ಷೆ ನೀಡಿ, ಅವನೂ ಸೇರಿ 19 ಮಂದಿಯನ್ನು ಬಿಡುಗಡೆ ಮಾಡಿತು. ಸಂಚಿನಲ್ಲಿ ಪಾಲ್ಗೊಂಡದ್ದು ಬೇರೆ, ಆಮೇಲೆ ಆಶ್ರಯ ಕೊಟ್ಟದ್ದು ಬೇರೆ ಎಂಬ ವಿಂಗಡಣೆಯ ಮೇಲೆ ಒಂದು ಜೀವ ನಿಂತಿತ್ತು. ಯಾರಿಗೆ ಯಾವಾಗ ಏನು ಗೊತ್ತಿತ್ತೆಂದು ಕೇಳುವ ವಿಮರ್ಶಕ ನ್ಯಾಯಾಧೀಶನಲ್ಲ. ಆದರೆ ಪ್ರಶ್ನೆ ಅದೇ.

6. ಎರಡು ಆಕ್ಷೇಪಗಳು

ಈ ಸರಣಿಗಳ ಮೂಲಭಾಷೆ ಕನ್ನಡವಲ್ಲ, ಕೊಪ್ಪಳದ ರೂಪಗಳನ್ನು ಅವಕ್ಕೆ ಹೊಂದಿಸುವುದು ಸರಿಯೇ ಎಂಬುದು ಮೊದಲ ಆಕ್ಷೇಪ. ಹಿಂದಿಯಲ್ಲಿ ‘ರಖಾ ಹೈ’ ಮತ್ತು ‘ರಖಾ ಹೋಗಾ’ ಎಂಬ ಭೇದ ವರದಿಯಲ್ಲೂ ಅಳಿಯುವುದಿಲ್ಲವೆಂಬುದು ನಿಜ. ಕರೀಮ್‌ನನ್ನು ಕೊಂದವರು ಆ ಭೇದವುಳ್ಳ ಭಾಷೆಯನ್ನೇ ಆಡುವವರು. ಹಾಗಾಗಿ ಭಾಷೆ ತಪ್ಪು ಮಾಡಿಸಿತೆಂದು ನಾವು ಹೇಳುತ್ತಿಲ್ಲ. ರೂಪ ಕಾಯುವಲ್ಲಿಯೂ ಬಳಸುವವರು ಮರೆಯಬಲ್ಲರು, ರೂಪ ಕಾಯದಲ್ಲಿಯೂ ಎಚ್ಚರವಾಗಿರಬಲ್ಲರು. ಬೇರೆಡೆ ಕಾಣದಂತೆ ನಡೆಯುವ ಬೆರಕೆಯನ್ನು ಕೊಪ್ಪಳದ ರೂಪ ಕಣ್ಣಿಗೆ ಕಾಣಿಸುತ್ತದೆ, ಅಷ್ಟೇ.

ನಾಲ್ಕು ತಾಲೂಕುಗಳ ಮಾತನ್ನು ಒಂದೇ ಎಂದು ಎಣಿಸಿದ್ದು ಎರಡನೆಯ ಆಕ್ಷೇಪಕ್ಕೆ ಎಡೆಯಾದೀತು. ತುಂಗಭದ್ರಾ ನೀರಾವರಿಯ ಭತ್ತದ ಸೀಮೆಯಾದ ಗಂಗಾವತಿಯ ಕ್ಯಾಂಪುಗಳಲ್ಲಿ ತೆಲುಗಿನ ಒಡನಾಟವಿದೆ. ಕುಷ್ಟಗಿ ಬಾಗಲಕೋಟೆ ಜಿಲ್ಲೆಗೆ, ಯಲಬುರ್ಗಾ ಗದಗ ಜಿಲ್ಲೆಗೆ ತಾಗಿಕೊಂಡಿವೆ. 1956ರವರೆಗಿನ ಹೈದರಾಬಾದ್ ಆಳ್ವಿಕೆಯ ಉರ್ದು ಮುದ್ರೆ ಎಲ್ಲೆಡೆ ಇದೆ. ಸಂಭಾವನಾರೂಪದ ಬಳಕೆ ಈ ಊರುಗಳಲ್ಲಿ, ತಲೆಮಾರುಗಳಲ್ಲಿ ಸಮನಾಗಿರಬೇಕಿಲ್ಲ. ಅದನ್ನು ಅಳೆಯುವುದು ಕ್ಷೇತ್ರಕಾರ್ಯದ ವಿಷಯ. ಸಂಶೋಧನಾ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬಹುದಾದದ್ದು. ಸರಣಿಯೊಂದರ ಕಥೆಯನ್ನು ಮರುದಿನ ಗೆಳೆಯರಿಗೆ ಹೇಳುವ ಮಾತನ್ನು ದಾಖಲಿಸಿದರೆ ಈ ಮೂರು ರೂಪಗಳೂ ಸಹಜವಾಗಿಯೇ ದೊರೆಯುತ್ತವೆ.

7. ಸಮಾರೋಪ

ಪಾತ್ರ ಜಾಣತನದಿಂದ ನಡೆದುಕೊಂಡಿತೇ ಎಂಬುದು ಕಥಾತರ್ಕದ ಅಳತೆಗೋಲಲ್ಲ. ತನಗೆ ದಕ್ಕಿದ್ದ ವಾಕ್ಯಕ್ಕೆ ತಕ್ಕಂತೆ ನಡೆಯಿತೇ, ತಕ್ಕಂತಿಲ್ಲದಿದ್ದರೆ ಆ ಅಂತರ ಕೃತಿಗೆ ತಿಳಿದಿದೆಯೇ ಎಂಬುದು ಅಳತೆಗೋಲು. ಈ ಅಳತೆಯಲ್ಲಿ ಕರೀಮ್‌ನ ಪ್ರಸಂಗ ನಿಲ್ಲುತ್ತದೆ, ನೀನಾಳದ್ದು ನಿಲ್ಲುವುದಿಲ್ಲ, ಕೋಣನಕುಂಟೆಯ ಎರಡು ಕಥನಗಳು ಬೇರೆ ಬೇರೆ ಮಟ್ಟಿಗೆ ನಿಲ್ಲುತ್ತವೆ. ‘ಬಂದಾನಂತ’ ಎಂಬ ಮಾತು ಕಿವಿಗೆ ಬಿದ್ದಾಗ ‘ಬಂದಾನೋ, ಬಂದಾನೋ’ ಎಂದು ಕೇಳಿದರೆ ಉತ್ತರ ಸಿಗದು, ಏಕೆಂದರೆ ಅಲ್ಲಿಯೂ ಸ್ವರ ಲೋಪವಾಗುತ್ತದೆ. ‘ನೀ ಕಂಡಿಯೇನು’ ಎಂದೇ ಕೇಳಬೇಕಾಗುತ್ತದೆ. ನಮ್ಮ ಸೀಮೆಯ ಹಿರಿಯರು ಸುದ್ದಿ ತಂದವರನ್ನು ಮೊದಲು ಕೇಳುವುದೂ ಅದನ್ನೇ.