ಎಣಿಕೆಗೆ ಸಿಕ್ಕಿದ ಕಸುಬು

ಬೆಂಗಳೂರಿನ ಐಟಿ ನೇಮಕಾತಿ ಏಜೆನ್ಸಿಗಳಲ್ಲಿ ಹೊಸ ರಿಕ್ರೂಟರ್‌ಗಳ ದಿನ ಟಾರ್ಗೆಟ್‌ನಿಂದ ಶುರುವಾಗಿ ಸಂಜೆಯ ರಿಪೋರ್ಟ್‌ನಲ್ಲಿ ಮುಗಿಯುತ್ತದೆ. ಇಂತಿಷ್ಟು ಕರೆ, ಇಂತಿಷ್ಟು ಪ್ರೊಫೈಲ್, ಇಂತಿಷ್ಟು ಇಂಟರ್‌ವ್ಯೂ ಲೈನಪ್. ಈ ಒತ್ತಡದಲ್ಲೇ ಹೊಸಬರು ಪಳಗುತ್ತಾರೆ ಎನ್ನುವುದು ಈ ಪದ್ಧತಿಯ ಸಮರ್ಥನೆ. ಪಳಗುವುದೇನೋ ನಿಜ, ಆದರೆ ಲೆಕ್ಕ ತುಂಬಿಸುವುದರಲ್ಲಿ, ತಕ್ಕವರನ್ನು ಗುರುತಿಸುವುದರಲ್ಲಲ್ಲ.

ಇದಕ್ಕೆ ಟೀಮ್ ಲೀಡ್‌ನ ಸಿಡುಕನ್ನು ದೂರಿ ಫಲವಿಲ್ಲ, ಬೇರಿರುವುದು ಕ್ಲೈಂಟ್ ಕಂಪನಿಯ ಜತೆಗಿನ ಕರಾರಿನಲ್ಲಿ. ಕಾಯಂ ಹುದ್ದೆಗಳಲ್ಲಿ ಸಾಮಾನ್ಯವಾಗಿ ಅಭ್ಯರ್ಥಿ ಕೆಲಸಕ್ಕೆ ಸೇರಿದರಷ್ಟೇ ಏಜೆನ್ಸಿಗೆ ಹಣ. ಹಲವು ಕರಾರುಗಳಲ್ಲಿ ಅದು ವಾರ್ಷಿಕ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳ. ಸೇರಿದವರು ಮೂರು ತಿಂಗಳೊಳಗೆ ಬಿಟ್ಟರೆ ಬೇರೊಬ್ಬರನ್ನು ಪುಕ್ಕಟೆ ಹುಡುಕಿಕೊಡಬೇಕೆಂಬ ಷರತ್ತೂ ಉಂಟು. ಅದೇ ಹುದ್ದೆ ನಾಲ್ಕಾರು ಏಜೆನ್ಸಿಗಳ ಕೈಯಲ್ಲಿರುತ್ತದೆ. ಅಭ್ಯರ್ಥಿಯ ರೆಸ್ಯೂಮೆ ಮೊದಲು ಕಳಿಸಿದವರಿಗೆ ಸಾಮಾನ್ಯವಾಗಿ ಆ ಹಣದ ಹಕ್ಕು. ಹಾಗಾಗಿ ವೇಗವೇ ಜಾಣತನವಾಗುತ್ತದೆ. ಈಗಿನ ಸಂಬಳ, ನಿರೀಕ್ಷೆ, ನೋಟಿಸ್ ಪೀರಿಯಡ್ ಇಷ್ಟನ್ನು ಕೇಳಿ ಎಕ್ಸೆಲ್‌ನ ಒಂದು ಸಾಲು ತುಂಬಿದರೆ ಪ್ರೊಫೈಲ್ ಸಿದ್ಧ. ಜಾವಾ ಹುದ್ದೆಗೆ ಜಾವಾಸ್ಕ್ರಿಪ್ಟ್ ಬಲ್ಲವರ ಹೆಸರು ಹೋಗುವುದು ಹೀಗೆಯೇ. ಇನ್ನು ತೊಂಬತ್ತು ದಿನ ನೋಟಿಸ್ ಇರುವವರು ಆಫರ್ ಲೆಟರ್ ಕೈಯಲ್ಲಿ ಹಿಡಿದೇ ಬೇರೆಡೆ ಚೌಕಾಸಿಗೆ ಕೂರಬಲ್ಲರು. ಅವರ ಮನಸ್ಸು ಅರಿಯಲು ಅರ್ಧ ಗಂಟೆ ಮಾತಾಡಿದರೂ ರಿಪೋರ್ಟ್‌ನಲ್ಲಿ ಅದು ಒಂದೇ ಕರೆ. ‘ಈಗ ಬಿಜಿ’ ಎಂದು ಫೋನಿಟ್ಟವರದ್ದೂ ಒಂದೇ ಕರೆ. ಯಾವ ಮಾತಿನಿಂದ ಜಾಯಿನಿಂಗ್ ಕೈತಪ್ಪದೆ ಉಳಿಯುತ್ತದೋ, ಆ ಮಾತಿಗೇ ಈ ಪದ್ಧತಿಯಲ್ಲಿ ದಂಡ.

ಎಣಿಕೆಯಿಲ್ಲದೆ ಹೊಸಬರನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಸಹಜ. ಮೊದಲ ಜಾಯಿನಿಂಗ್ ಆಗಲು ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ಕಣ್ಣಿಗೆ ಕಾಣುವುದು ಕರೆಗಳಷ್ಟೇ. ಒಪ್ಪೋಣ. ಆದರೆ ಕಳಿಸಿದ ಪ್ರೊಫೈಲ್‌ಗಳಲ್ಲಿ ಇಂಟರ್‌ವ್ಯೂವರೆಗೆ ಹೋದವೆಷ್ಟು ಎನ್ನುವುದೂ ಅಂಕಿಯೇ, ಸಾಮಾನ್ಯವಾಗಿ ವಾರಗಳಲ್ಲೇ ಸಿಗುವಂಥದ್ದು. ಹತ್ತು ಕಳಿಸಿ ನಾಲ್ಕು ದಾಟಿಸಿದವರಿಗೆ ಕಸುಬು ಕೈಹತ್ತುತ್ತಿದೆ. ಐವತ್ತು ಕಳಿಸಿಯೂ ನಾಲ್ಕೇ ದಾಟಿದರೆ ಕ್ಲೈಂಟ್‌ನ ಹೊತ್ತೂ ಹಾಳು. ಈ ಬಿಸಿಯಲ್ಲಿ ಬೆಂದವರೇ ಇಂದು ಒಳ್ಳೆಯ ರಿಕ್ರೂಟರ್‌ಗಳಾಗಿದ್ದಾರೆ ಎಂಬ ಇನ್ನೊಂದು ವಾದವೂ ಅರೆಬರೆ. ಉಳಿದವರು ತೋರಿಸುವುದು ತಮ್ಮ ತಾಳಿಕೆಯನ್ನು. ಬಿಟ್ಟುಹೋದವರಲ್ಲಿ ಅಭ್ಯರ್ಥಿಯ ಮಾತಿಗೆ ಕಿವಿಗೊಡಬಲ್ಲವರು ಎಷ್ಟಿದ್ದರೆಂದು ಯಾವ ರಿಪೋರ್ಟೂ ಹೇಳುವುದಿಲ್ಲ.

ಅಳತೆಯನ್ನು ಬದಲಿಸುವುದು ಏಜೆನ್ಸಿಯ ಕೈಯಲ್ಲೇ ಇದೆ. ಹುದ್ದೆಯ ಬಗ್ಗೆ ಕ್ಲೈಂಟ್ ಜತೆ ನಡೆಯುವ ಮಾತುಕತೆಯಲ್ಲಿ ಹೊಸಬರನ್ನೂ ಕೂರಿಸಿಕೊಂಡರೆ ಅರ್ಧ ತಪ್ಪು ಅಲ್ಲೇ ಸರಿಹೋಗುತ್ತದೆ. ಆದರೆ ಒಂದೇ ಹುದ್ದೆಯನ್ನು ಐದಾರು ಕಡೆ ಹಂಚಿ, ಬಂದ ರಾಶಿಯಲ್ಲಿ ಕಾಳು ಹೆಕ್ಕುವ ಕಂಪನಿಗಳು ಬದಲಾಗದಿದ್ದರೆ ಓಟದ ಪಂದ್ಯ ನಿಲ್ಲದು. ಒಂದೆರಡು ಏಜೆನ್ಸಿಗಳಿಗಷ್ಟೇ ಹುದ್ದೆ ಒಪ್ಪಿಸಿ, ಹುಡುಕಾಟದ ಶ್ರಮಕ್ಕೂ ಒಂದಿಷ್ಟು ಹಣ ಕೊಟ್ಟು, ಆಮೇಲೆ ಗುಣಮಟ್ಟ ಕೇಳಿದರೆ ಅದು ನ್ಯಾಯ.