ಕಿಟಕಿಯಿಲ್ಲದ ಮನೆಗೆ ಪರದೆ: ಸ್ಟೈನ್‌ಬೆಕ್‌ನ ‘ಕ್ಯಾನರಿ ರೋ’

ಅಮೆರಿಕದ ಜಾನ್ ಸ್ಟೈನ್‌ಬೆಕ್‌ನ ‘ಕ್ಯಾನರಿ ರೋ’ 1945ರಲ್ಲಿ ಪ್ರಕಟವಾದ ಸಣ್ಣ ಕಾದಂಬರಿ. ಕ್ಯಾಲಿಫೋರ್ನಿಯಾದ ಮಾಂಟೆರೆ ಎಂಬ ಕಡಲತೀರದ ಊರಿನಲ್ಲಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳ ಬೀದಿಯೊಂದರ ಕತೆ ಇದು. ಆ ಮೀನೂ ನಮಗೆ ಪರಕೀಯವಲ್ಲ. ನಮ್ಮ ಕರಾವಳಿಯವರು ಬೂತಾಯಿ ಎಂದೂ ಇಲ್ಲಿಯವರು ಮತ್ತಿ ಎಂದೂ ಕರೆಯುವ ಮೀನಿನ ಬಳಗದ್ದೇ. ರಾಯಪುರಂನಲ್ಲಿ ಕಾಸಿಮೇಡಿನ ಮೀನು ಬಂದರಿನ ಗಾಳಿ ಕುಡಿದು ಬದುಕುತ್ತಿರುವ ನಮ್ಮಂಥವರಿಗೆ ಈ ಪುಸ್ತಕದ ವಾಸನೆ ಮೊದಲ ಪುಟದಲ್ಲೇ ಪರಿಚಿತವೆನಿಸುತ್ತದೆ. ಇಲ್ಲಿ ವರ್ಷವರ್ಷವೂ ಏಪ್ರಿಲ್ 15ರಿಂದ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅಂಥ ದಿನಗಳಲ್ಲಿ ಅಂಗಡಿಯವನ ಸಾಲದ ಪುಸ್ತಕ ಹೇಗೆ ದಪ್ಪವಾಗುತ್ತದೆಂದು ಬಲ್ಲವರಿಗೆ, ಕಾದಂಬರಿಯ ಚೀನೀ ಅಂಗಡಿಕಾರ ಲೀ ಚಾಂಗ್ ಯಾರೆಂದು ವಿವರಿಸಬೇಕಾಗಿಲ್ಲ.

ಇಡೀ ಪುಸ್ತಕದ ಗುಣಾವಗುಣಗಳನ್ನು ಇಲ್ಲಿ ತೂಗಲು ಹೊರಟಿಲ್ಲ. ಎಂಟನೆಯ ಅಧ್ಯಾಯವೊಂದನ್ನೇ ನೋಡೋಣ. ಕಾರ್ಖಾನೆಯೊಂದರ ಬಾಯ್ಲರು 1932ರಲ್ಲಿ ಮತ್ತೆ ಮತ್ತೆ ಕೆಡುತ್ತದೆ. ಕಂಪನಿ ಹೊಸದನ್ನು ತರಿಸಿ, ಹಳೆಯದನ್ನು ಲೀ ಚಾಂಗನ ಅಂಗಡಿಯ ಪಕ್ಕದ ಖಾಲಿ ಜಾಗಕ್ಕೆ ಸಾಗಹಾಕುತ್ತದೆ. ಒಳಗಿನ ಕೊಳವೆಗಳನ್ನು ಬಿಚ್ಚಿಕೊಂಡ ಮೇಲೆ ಉಳಿದದ್ದು ಬರೀ ಕಬ್ಬಿಣದ ಹೊಟ್ಟೆ. ತುಕ್ಕು ಉದುರಿ ಸುತ್ತ ಕಳೆ ಬೆಳೆಯುತ್ತದೆ. 1935ರಲ್ಲಿ ಸ್ಯಾಮ್ ಮಲಾಯ್ ದಂಪತಿಗಳು ಅಲ್ಲಿ ಸಂಸಾರ ಹೂಡುತ್ತಾರೆ. ಉರುವಲು ಹಾಕುವ ಕಿರುಬಾಗಿಲಿನಿಂದ ತೆವಳಿಕೊಂಡು ಹೋಗಬೇಕು. ಒಳಗೆ ನಡುಭಾಗದಲ್ಲಿ ಮಾತ್ರ ನೆಟ್ಟಗೆ ನಿಲ್ಲಬಹುದು. 1937ರ ಕೊನೆಯಲ್ಲಿ ಮೀನಿನ ಸುಗ್ಗಿ ಬಂದು ವಸತಿಯ ಅಭಾವವಾದಾಗ, ಅದೇ ಕಂಪನಿ ಎಸೆದ ದೊಡ್ಡ ಪೈಪುಗಳನ್ನು ಮಲಾಯ್ ಒಂಟಿ ಗಂಡಸರಿಗೆ ಬಾಡಿಗೆಗೆ ಕೊಡತೊಡಗುತ್ತಾನೆ. ಒಂದು ತುದಿಗೆ ಟಾರು ಕಾಗದ, ಇನ್ನೊಂದಕ್ಕೆ ಜಮಖಾನೆಯ ತುಂಡು. ನಮ್ಮೂರಿನಂತೆ ಹತ್ತು ತಿಂಗಳ ಮುಂಗಡ ಕೇಳಲಿಲ್ಲವೆಂಬುದೇ ಸಮಾಧಾನ!

ಗಂಡ ಮನೆಯೊಡೆಯನಾದದ್ದೇ ತಡ, ಹೆಂಡತಿಗೆ ಆಸೆಗಳು ಮೂಡುತ್ತವೆ. ಕಂಬಳಿ ಬರುತ್ತದೆ, ಬಟ್ಟೆ ಒಗೆಯುವ ತೊಟ್ಟಿ ಬರುತ್ತದೆ, ಬಣ್ಣದ ದೀಪ ಬರುತ್ತದೆ. ಒಂದು ದಿನ ಆಕೆ ಅಂಗಡಿಯಲ್ಲಿ 1.98 ಡಾಲರಿಗೆ ಲೇಸಿನ ಪರದೆ ಸಿಗುತ್ತದೆಂದು ಏದುಸಿರು ಬಿಡುತ್ತ ಬರುತ್ತಾಳೆ. ಕಿಟಕಿಯೇ ಇಲ್ಲದ ಬಾಯ್ಲರಿಗೆ ಪರದೆ ಏತಕ್ಕೆಂದು ಗಂಡ ಕೇಳುತ್ತಾನೆ. ಆಕೆ ಅಳುತ್ತಾಳೆ. ನಿದ್ದೆ ಹತ್ತುವವರೆಗೆ ಆತ ಬೆನ್ನು ಸವರುತ್ತಾನೆ. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ.

ಎರಡು ಮೂರು ಪುಟಗಳಲ್ಲಿ ಇಷ್ಟನ್ನು ಹೇಳುವ ಶಕ್ತಿ ಎಲ್ಲರಿಗೂ ಬರುವಂಥದ್ದಲ್ಲ. ಬಾಯ್ಲರಿನವರನ್ನು ಕಂಡು ಲೇಖಕ ಅಯ್ಯೋ ಪಾಪವೆನ್ನುವುದಿಲ್ಲ, ಮೂಗೂ ಮುರಿಯುವುದಿಲ್ಲ. ಇದು ಅವನ ದೊಡ್ಡ ಗುಣ. ಆದರೆ ನಗುತ್ತ ನಗುತ್ತ ಅವನು ಒಂದು ಲೆಕ್ಕವನ್ನು ಬಿಟ್ಟುಬಿಡುತ್ತಾನೆ ಎಂಬುದು ನಮ್ಮ ಆಕ್ಷೇಪಣೆ. ಕಾರ್ಖಾನೆಗಳು ಪೂರ್ತಿ ಹೊತ್ತು ನಡೆದವು, ಮನೆಗಳು ಸಾಲದಾದವು ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಸಾಗುತ್ತಾನೆ. ದುಡಿಯುವ ಕೈಗಳನ್ನು ಕರೆದ ಬೀದಿ ಆ ಕೈಗಳಿಗೆ ತಲೆದಿಂಬು ಇಡುವ ಜಾಗ ಕೊಡಲಿಲ್ಲ. ಈ ಮಾತು ಪೈಪಿನಲ್ಲಿ ಪ್ರತಿಧ್ವನಿಸುವ ಗೊರಕೆಯ ಹಾಸ್ಯದಲ್ಲಿ ಮುಳುಗಿಹೋಗುತ್ತದೆ.

ಇದು ದೂರದ ದೇಶದ ವಿನೋದವೆಂದು ಚೆನ್ನೈನಲ್ಲಿರುವವರು ಹೇಳುವಂತಿಲ್ಲ. 200 ಕಿಲೋಮೀಟರಿಗೂ ಹೆಚ್ಚು ದೂರದ ವೀರಾಣಂ ಕೆರೆಯಿಂದ ಈ ನಗರಕ್ಕೆ ನೀರು ತರಲು 1970ರ ದಶಕದಲ್ಲಿ ಭಾರಿ ಕಾಂಕ್ರೀಟ್ ಕೊಳವೆಗಳನ್ನು ಮಾಡಿಸಿದರು. ಯೋಜನೆ ನಡುವೆಯೇ ನಿಂತಿತು. ಕೊಳವೆಗಳು ವರ್ಷಗಟ್ಟಲೆ ರಸ್ತೆಬದಿಯಲ್ಲಿ ಬಿದ್ದಿದ್ದವು. ನೀರು ಹರಿಯಬೇಕಾದಲ್ಲಿ ಮನೆಯಿಲ್ಲದವರು ಒಲೆ ಹೂಡಿದರು. ವೀರಾಣಂ ನೀರು ನಗರಕ್ಕೆ ಬಂದದ್ದು 2004ರಲ್ಲಿ, ಹೊಸ ಕೊಳವೆಗಳಲ್ಲಿ. ಕೊಳವೆಯೆಂಬುದು ಭಾರ ತಡೆಯಲು, ನೀರು ಹರಿಸಲು ಒಳ್ಳೆಯ ಆಕಾರ; ಬಾಳಲು ಅಲ್ಲ. ನೆಲ ಸಮವಿಲ್ಲದೆ ಬಿಂದಿಗೆ ನಿಲ್ಲುವುದಿಲ್ಲ. ಮೊಳೆ ಹೊಡೆಯಲು ಗೋಡೆಯಿಲ್ಲ, ಮಗುವಿನ ತೊಟ್ಟಿಲು ತೂಗುಹಾಕಲು ತೊಲೆಯಿಲ್ಲ. ಮಾಂಟೆರೆಯ ತಂಪು ಕಡಲಗಾಳಿಯಲ್ಲಿ ಹೇಗೋ ಬಾಳಬಹುದಾದ ಕಬ್ಬಿಣದ ಬಾಯ್ಲರನ್ನು ರಾಯಪುರಂನ ಮೇ ತಿಂಗಳ ಬಿಸಿಲಿಗಿಟ್ಟರೆ ಅದು ಮತ್ತೆ ಬಾಯ್ಲರೇ ಆದೀತು.

ಪರದೆಯ ಬೆಲೆ ಸ್ಟೈನ್‌ಬೆಕ್‌ನಿಗೆ ತಿಳಿಯದೆ ಇರಲಿಲ್ಲ. 1939ರ ‘ದಿ ಗ್ರೇಪ್ಸ್ ಆಫ್ ರಾತ್’ನಲ್ಲಿ, ಹೊಲ ಕಳೆದುಕೊಂಡು ವಲಸೆ ಬಂದ ಜೋಡ್ ಕುಟುಂಬ ಕೊನೆಗೆ ಸೇರುವುದು ಒಂದು ಹಳೆಯ ಸರಕು ರೈಲುಡಬ್ಬಿಯನ್ನು. ಅರ್ಧ ಇವರಿಗೆ, ಅರ್ಧ ಇನ್ನೊಂದು ಸಂಸಾರಕ್ಕೆ. ನಡುವೆ ಟಾರ್ಪಾಲಿನ ಪರದೆ. ಅಲ್ಲಿ ಆ ಪರದೆಯನ್ನು ನೋಡಿ ಯಾರೂ ನಗುವುದಿಲ್ಲ. ಅದೊಂದಿದ್ದರೆ ಈ ಕಡೆ ಮನೆ, ಆ ಕಡೆ ಮನೆ. ಇಲ್ಲದಿದ್ದರೆ ಬರೀ ಡಬ್ಬಿ. ಆರು ವರ್ಷಗಳ ಬಳಿಕ ಅದೇ ಲೇಖಕ ಶ್ರೀಮತಿ ಮಲಾಯ್‌ಳ ಪರದೆಯನ್ನು ಹೆಂಗಸಿನ ಹುಚ್ಚಾಸೆಯೆಂಬಂತೆ ಚಿತ್ರಿಸಿದ್ದು ನಮಗೆ ಹಿಡಿಸಲಿಲ್ಲ.

ಊರು ಬಿಟ್ಟು ಬಂದು ಒಂದು ಪೋರ್ಷನ್ನಿನಲ್ಲಿ ಸಂಸಾರ ತೆರೆದ ನಮ್ಮ ಮನೆಗಳ ಹೆಂಗಸರನ್ನು ಕೇಳಿದರೆ ಇದು ತಿಳಿದೀತು. ಕುರ್ಚಿ ಬರುವುದಕ್ಕೆ ಮೊದಲೇ ಹಳೆಯ ಸೀರೆಯ ಪರದೆ ಬಂದಿರುತ್ತದೆ. ಮಳೆ ತಡೆಯುವುದು ಸೂರು. ಹೊರಗಿನವರ ಕಣ್ಣು ಇಲ್ಲಿಗೆ ನಿಲ್ಲಲಿ ಎಂದು ಹೇಳುವ ಅಧಿಕಾರ ಸಿಕ್ಕಾಗ ಅದು ಮನೆಯಾಗುತ್ತದೆ. ‘ಮನೆ ಕಟ್ಟಿ ನೋಡು’ ಎಂದ ಗಾದೆ ಗಂಡಸಿನ ಖರ್ಚನ್ನು ನೆನೆದು ಹುಟ್ಟಿರಬೇಕು. ಕಟ್ಟದ ಮನೆಯನ್ನು ಮನೆಯಾಗಿಸುವ ಹೆಂಗಸಿನ ಕಷ್ಟ ಅದರಲ್ಲಿಲ್ಲ. ಶ್ರೀಮತಿ ಮಲಾಯ್ ಕೇಳಿದ್ದು ಪರದೆಯಾದರೂ ಆಕೆಗೆ ಬೇಕಾಗಿದ್ದದ್ದು ಕಿಟಕಿ. ಗಂಡನಿಗೆ ಅದು ತಿಳಿಯಲಿಲ್ಲವೆಂಬುದು ಸಹಜ. ಲೇಖಕನೂ ಗಂಡನ ಪಕ್ಕದಲ್ಲೇ ಕುಳಿತುಬಿಟ್ಟ.

1954ರಲ್ಲಿ ಬಂದ ಮುಂದಿನ ಭಾಗ ‘ಸ್ವೀಟ್ ಥರ್ಸ್‌ಡೇ’ಯಲ್ಲಿ ಆತ ಈ ಸಾಲವನ್ನು ಒಂದಿಷ್ಟು ತೀರಿಸಿದ್ದಾನೆ. ಸೂಳೆಗೇರಿಯ ಬಾಳನ್ನು ಬಿಟ್ಟು ಹೋಟೆಲಿನಲ್ಲಿ ಬಡಿಸುವ ಕೆಲಸ ಹಿಡಿದ ಸೂಸಿ ಅದೇ ಬಾಯ್ಲರಿನಲ್ಲಿ ಒಬ್ಬಳೇ ನೆಲೆಸುತ್ತಾಳೆ. ಅವಳನ್ನು ಮೆಚ್ಚಿದ ವಿದ್ಯಾವಂತ ಡಾಕ್ ಹೂ ಹಿಡಿದು ಆ ಕಿರುಬಾಗಿಲಿನಲ್ಲಿ ತೆವಳಬೇಕಾಗುತ್ತದೆ. ಕತೆ ಮೊದಲಿನದಕ್ಕಿಂತ ಸಡಿಲ, ಅಂತ್ಯ ಸಿನಿಮಾದ್ದು. ಆದರೂ ಇಲ್ಲಿ ಮೊದಲ ಬಾರಿಗೆ ಬಾಯ್ಲರಿಗೊಬ್ಬಳು ಒಡತಿ ಬಂದಳು, ಒಳಬರುವವನು ಅವಳ ಅಪ್ಪಣೆ ಕೇಳಿದ.

‘ಕ್ಯಾನರಿ ರೋ’ ಸೊಗಸಾದ ಪುಸ್ತಕವೆಂಬುದರಲ್ಲಿ ಎರಡು ಮಾತಿಲ್ಲ. ಸಂಘದ ಸದಸ್ಯರು, ವಿಶೇಷವಾಗಿ ಇಂಗ್ಲಿಷ್ ಓದುವ ನಮ್ಮ ಮಕ್ಕಳು, ತಪ್ಪದೆ ಓದಲಿ; ಸರಳ ಭಾಷೆ, ಪುಟಗಳೂ ಕಡಿಮೆ. ಎಂಟನೆಯ ಅಧ್ಯಾಯಕ್ಕೆ ಬಂದಾಗ ನಗು ಬಂದರೆ ನಗಲಿ. ಆಮೇಲೆ ಅದನ್ನು ಮನೆಯ ತಾಯಂದಿರಿಗೆ ಕನ್ನಡದಲ್ಲಿ ಹೇಳಿ, ಅವರು ಎಲ್ಲಿ ನಗುತ್ತಾರೆ, ಎಲ್ಲಿ ನಗುವುದಿಲ್ಲ ಎಂಬುದನ್ನು ಗಮನಿಸಲಿ.